ಬೋರ್ಡು ಕಾಣದಿದ್ದರೆ ಬಾಯಿಬಿಟ್ಟು ಹೇಳಿ



ನಿಮ್ಮ ತರಗತಿಯಲ್ಲಿ ಕನ್ನಡಕ ಹಾಕುವವರು ಎಷ್ಟು ಮಂದಿ? ಅವರಿಗೆ ನೀವು ಏನೆಂದು ಹೆಸರಿಟ್ಟಿದ್ದೀರಿ? 'ಸೋಡಾಬುಡ್ಡಿ' ಎಂದೋ 'ನಾಲ್ಕು ಕಣ್ಣು' ಎಂದೋ ಇಟ್ಟಿದ್ದರೆ ಈ ಲೇಖನ ನಿಮಗಾಗಿಯೇ. ಅಂಥ ಹೆಸರಿಗೆ ಹೆದರಿ, ಕೊಟ್ಟ ಕನ್ನಡಕವನ್ನು ಬ್ಯಾಗಿನ ತಳದಲ್ಲಿ ಬಚ್ಚಿಟ್ಟು, ಮಂಜಾದ ಬೋರ್ಡನ್ನೇ ನೋಡುತ್ತ ಕೂತ ಮಕ್ಕಳನ್ನು ನಾನು ಎಷ್ಟೋ ಶಾಲೆಗಳಲ್ಲಿ ಕಂಡಿದ್ದೇನೆ.

ನಿಮ್ಮನ್ನು ಬೈಯುವ ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಆರನೆಯ ತರಗತಿಗೆ ಗಣಿತ ಹೇಳಿಕೊಡುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ ಬೋರ್ಡಿನ ಲೆಕ್ಕವನ್ನು ಪಕ್ಕದವಳ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತಿದ್ದಳು. ಪಕ್ಕದವಳು ಶಾಲೆಗೆ ಬಾರದ ದಿನ ಇವಳ ಪುಟ ಖಾಲಿ. ಬಾಯಿಲೆಕ್ಕ ಕೇಳಿದರೆ ಮಾತ್ರ ಎಲ್ಲರಿಗಿಂತ ಮೊದಲು ಉತ್ತರ! 'ಸೋಮಾರಿ, ಕಾಪಿ ಹೊಡೆಯುತ್ತಾಳೆ' ಎಂದು ನಾನು ತೀರ್ಮಾನಿಸಿದೆ. ಎರಡು ಬಾರಿ ಎದ್ದು ನಿಲ್ಲಿಸಿದ್ದೂ ಉಂಟು. ಎಂ.ಎಸ್ಸಿ. ಓದಿದ ನನಗೆ, ಮಸೂರದ ಪಾಠವನ್ನು ವರ್ಷ ವರ್ಷವೂ ಮಾಡುತ್ತಿದ್ದ ನನಗೆ, ಅವಳ ಕಣ್ಣನ್ನು ಪರೀಕ್ಷಿಸಬೇಕೆಂದು ಹೊಳೆಯಲಿಲ್ಲ. ಶಾಲೆಗೆ ಆರೋಗ್ಯ ತಪಾಸಣೆಗೆಂದು ಬಂದ ತಂಡದವರು ಅವಳನ್ನು ಆರು ಮೀಟರ್ ದೂರದಲ್ಲಿ ನಿಲ್ಲಿಸಿದಾಗ ಪಟ್ಟಿಯ ಮೇಲಿನ ಅತಿ ದೊಡ್ಡ ಅಕ್ಷರ ಬಿಟ್ಟು ಬೇರೇನೂ ಅವಳಿಗೆ ಕಾಣಲಿಲ್ಲ.

ಇಷ್ಟು ದಿನ ಯಾರಿಗೂ ಹೇಗೆ ತಿಳಿಯಲಿಲ್ಲ ಎನ್ನುತ್ತೀರಾ? ಅವಳಿಗಿದ್ದದ್ದು ಸಮೀಪದೃಷ್ಟಿ. ಪುಸ್ತಕ ಚೆನ್ನಾಗಿ ಕಾಣುತ್ತಿತ್ತು, ಸೂಜಿಗೆ ದಾರ ಪೋಣಿಸುತ್ತಿದ್ದಳು. ಹೀಗಾಗಿ ಮನೆಯವರಿಗೂ ಅನುಮಾನ ಬರಲಿಲ್ಲ. ಅವಳಿಗಾದರೂ ಹೇಗೆ ಗೊತ್ತಾಗಬೇಕು? ಎಲ್ಲರಿಗೂ ಪ್ರಪಂಚ ಹೀಗೆಯೇ ಕಾಣುತ್ತದೆ ಎಂದು ಅವಳು ತಿಳಿದಿದ್ದಳು.

ಸಮೀಪದೃಷ್ಟಿ ಎಂದರೆ ಬಹುಮಟ್ಟಿಗೆ ಕಣ್ಣುಗುಡ್ಡೆ ಸ್ವಲ್ಪ ಉದ್ದವಾಗಿ ಬೆಳೆದಿದೆ ಎಂದರ್ಥ. ದೊಡ್ಡವರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದೇ ಒಂದು ಮಿಲಿಮೀಟರ್ ಹೆಚ್ಚಾದರೂ ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ. ಆಗ ಸುಮಾರು ಎರಡೂವರೆ ಡಯಾಪ್ಟರ್ ಶಕ್ತಿಯ ನಿಮ್ನ ಮಸೂರ ಬೇಕಾಗುತ್ತದೆ. ಒಂದನ್ನು ಎರಡೂವರೆಯಿಂದ ಭಾಗಿಸಿ ನೋಡಿ: 0.4 ಮೀಟರ್. ಅಂದರೆ ಆ ಕಣ್ಣಿಗೆ ಕನ್ನಡಕವಿಲ್ಲದೆ 40 ಸೆಂಟಿಮೀಟರಿನಿಂದಾಚೆ ಏನೂ ಸ್ಪಷ್ಟವಿಲ್ಲ. ಎದುರು ಕೂತ ಅಮ್ಮನ ಮುಖವೂ ಮಸುಕು! ಇದರಲ್ಲಿ ಮಗುವಿನ ಸೋಮಾರಿತನ ಎಲ್ಲಿದೆ, ಹೇಳಿ?

'ಇಷ್ಟು ಚಿಕ್ಕ ವಯಸ್ಸಿಗೆ ಕನ್ನಡಕವೇ? ಒಮ್ಮೆ ಹಾಕಿದರೆ ಅಭ್ಯಾಸವಾಗಿ ನಂಬರು ಏರುತ್ತಲೇ ಹೋಗುತ್ತದೆ' ಎಂದು ಹಿರಿಯರು ತಡೆಯುವುದುಂಟು. ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಎತ್ತರ ಬೆಳೆದಂತೆ ಕಣ್ಣುಗುಡ್ಡೆಯೂ ಬೆಳೆಯುತ್ತದೆ, ಅದಕ್ಕೇ ನಂಬರು ಬದಲಾಗುತ್ತದೆ. ಅಂಗಿ ಹೊಲಿಸಿದ್ದರಿಂದ ನೀವು ಎತ್ತರವಾದಿರಿ ಎಂದು ಯಾರಾದರೂ ಹೇಳುತ್ತಾರೆಯೆ? 'ಹೆಣ್ಣುಮಗು, ಮುಂದೆ ಮದುವೆಗೆ ತೊಂದರೆ' ಎನ್ನುವವರಿಗಂತೂ ನನ್ನ ಬಳಿ ಉತ್ತರವಿಲ್ಲ, ಸಿಟ್ಟಿದೆ.

ಕಣ್ಣಿನ ಡಾಕ್ಟರು ಎಂದರೆ ಅಜ್ಜ ಅಜ್ಜಿಯರಿಗೆ ಮಾತ್ರ ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದಕ್ಕೆ ಕಾರಣವೂ ಇದೆ. ನಮ್ಮ ನಾಡಿನ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದ ಅವರು 2005ರಲ್ಲಿ ತೀರಿಕೊಂಡರು. ಅವರಿಂದ ದೃಷ್ಟಿ ಪಡೆದ ಹಿರಿಯರ ಕಥೆ ನಿಮ್ಮ ಮನೆಯಲ್ಲೂ ಇರಬಹುದು, ಕೇಳಿ ನೋಡಿ. ಆದರೆ ಮಕ್ಕಳ ಕಣ್ಣಿಗೆ ಡಾಕ್ಟರ ಅಗತ್ಯ ಇನ್ನೂ ತುರ್ತಿನದು. ಒಂದು ಕಣ್ಣು ಮಾತ್ರ ಮಸುಕಾಗಿದ್ದರೆ ಮೆದುಳು ಆ ಕಣ್ಣಿನ ಸಂದೇಶವನ್ನು ಕ್ರಮೇಣ ಕಡೆಗಣಿಸತೊಡಗುತ್ತದೆ. ಇದಕ್ಕೆ 'ಸೋಮಾರಿ ಕಣ್ಣು' ಎನ್ನುತ್ತಾರೆ. ಎಳೆಯ ವಯಸ್ಸಿನಲ್ಲಿ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನವೂ ಕೆಲಹೊತ್ತು ಪಟ್ಟಿ ಹಚ್ಚಿ, ಸೋಮಾರಿ ಕಣ್ಣನ್ನು ಕೆಲಸಕ್ಕೆ ಹಚ್ಚಬಹುದು. ವಯಸ್ಸಾದಂತೆ ಅದು ಕಷ್ಟವಾಗುತ್ತ ಹೋಗುತ್ತದೆ. ಮೆಳ್ಳೆಗಣ್ಣು ಅದೃಷ್ಟದ ಗುರುತು ಎಂದು ಸುಮ್ಮನಿರುವುದೂ ಹೀಗೆಯೇ ಅಪಾಯ. ನಿಮ್ಮ ಪುಟ್ಟ ತಂಗಿ ತಮ್ಮಂದಿರಿಗೆ ಮೆಳ್ಳೆಗಣ್ಣಿದ್ದರೆ ಅಪ್ಪ ಅಮ್ಮನಿಗೆ ಇದನ್ನು ಓದಿ ಹೇಳಿ.

ಡಾಕ್ಟರ ಕೋಣೆಯಲ್ಲಿ ಹೆದರುವಂಥದ್ದು ಏನೂ ಇಲ್ಲ. ಗೋಡೆಯ ಮೇಲಿನ ಅಕ್ಷರಪಟ್ಟಿಯನ್ನು 1862ರಲ್ಲಿ ರೂಪಿಸಿದವರು ನೆದರ್ಲೆಂಡ್ಸ್ ದೇಶದ ಹರ್ಮನ್ ಸ್ನೆಲೆನ್ ಎಂಬ ವೈದ್ಯರು. ಡಾಕ್ಟರು '6/60' ಎಂದು ಬರೆದರೆ, ಒಳ್ಳೆಯ ಕಣ್ಣು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ಈ ಕಣ್ಣು 6 ಮೀಟರ್ ಹತ್ತಿರ ಬಂದರೆ ಮಾತ್ರ ಓದಬಲ್ಲದು ಎಂದರ್ಥ. ಆಮೇಲೆ ಕಣ್ಣಿಗೆ ಹನಿ ಹಾಕುತ್ತಾರೆ. ಸ್ವಲ್ಪ ಉರಿಯುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಕೆಲವು ಗಂಟೆ ಪುಸ್ತಕದ ಅಕ್ಷರ ಮಸುಕಾಗುತ್ತದೆ. ಕಣ್ಣು ಹೋಯಿತು ಎಂದು ಅಳಬೇಡಿ! ಮಕ್ಕಳ ಕಣ್ಣಿನ ಸ್ನಾಯು ಬಹಳ ಚುರುಕು, ಮಸೂರವನ್ನು ಬಿಗಿದು ತಪ್ಪು ನಂಬರು ತೋರಿಸಿಬಿಡುತ್ತದೆ. ಅದನ್ನು ಸಡಿಲಿಸಲು ಈ ಹನಿ.

ಇನ್ನು ಎರಡು ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. 2023ರ ಮಳೆಗಾಲದಲ್ಲಿ ನಮ್ಮ ರಾಜ್ಯದಲ್ಲೆಲ್ಲ 'ಮದ್ರಾಸ್ ಐ' ಹರಡಿದ್ದು ನೆನಪಿದೆಯೆ? ಕೆಂಪು ಕಣ್ಣಿನವರನ್ನು ನೋಡಿದರೆ ಅದು ಬರುವುದಿಲ್ಲ. ಕಣ್ಣುಜ್ಜಿದ ಕೈ, ಟವೆಲ್ಲು, ದಿಂಬಿನ ಮೂಲಕ ಬರುತ್ತದೆ. ಅದಕ್ಕೆ ಎದೆಹಾಲು, ಸೊಪ್ಪಿನ ರಸ ಹಿಂಡುವುದು ಬೇಡ. ಎರಡನೆಯದು ಸುಣ್ಣ. ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಹಿಸುಕಿ ಆಡುವಾಗ ಅದು ಒಡೆದು ಕಣ್ಣಿಗೆ ಸಿಡಿಯುತ್ತದೆ. ಸುಣ್ಣ ಪ್ರತ್ಯಾಮ್ಲ. ಅದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು ಸುಡುತ್ತ ಒಳಗಿಳಿಯುತ್ತದೆ. ಅಮ್ಮನನ್ನು ಹುಡುಕಿಕೊಂಡು ಓಡಬೇಡಿ, ಮೊದಲು ನಲ್ಲಿಯತ್ತ ಓಡಿ. ಕಾಲು ಗಂಟೆಗೂ ಹೆಚ್ಚು ಹೊತ್ತು ರೆಪ್ಪೆ ತೆರೆದು ಧಾರಾಳವಾಗಿ ನೀರು ಹಾಯಿಸಿ, ಆಮೇಲೆ ಆಸ್ಪತ್ರೆ.

ಆಟದ ಪೀರಿಯಡ್ಡಿನ ಬಗ್ಗೆಯೂ ನನ್ನದೊಂದು ಅಭಿಪ್ರಾಯವಿದೆ. ಇದನ್ನು ನಿಮ್ಮ ಮೇಷ್ಟ್ರಿಗೂ ತೋರಿಸಬಹುದು. ದಿನಕ್ಕೆ ಎರಡು ಗಂಟೆ ಬಯಲ ಬೆಳಕಿನಲ್ಲಿ ಕಳೆಯುವ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬರುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ತೈವಾನಿನ ಶಾಲೆಗಳಲ್ಲಿ 2010ರಿಂದ ದಿನಕ್ಕೆ 120 ನಿಮಿಷ ಮಕ್ಕಳನ್ನು ಹೊರಗೆ ಕಳಿಸುವ ಕಾರ್ಯಕ್ರಮವೇ ನಡೆಯಿತು. ಹೊರಗಿನ ಪ್ರಖರ ಬೆಳಕು ಕಣ್ಣುಗುಡ್ಡೆಯ ಅತಿ ಬೆಳವಣಿಗೆಯನ್ನು ತಡೆಯುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಹೀಗಿರುವಾಗ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕಿತ್ತುಕೊಳ್ಳುವುದು ಸರಿಯಲ್ಲ. ನಾನೂ ಕಿತ್ತುಕೊಳ್ಳುತ್ತಿದ್ದವನೇ, ಈಗ ಬಿಟ್ಟಿದ್ದೇನೆ. ಮೊಬೈಲು ಹಿಡಿದು ಮೂಲೆ ಸೇರುವುದನ್ನು ನೀವೂ ಬಿಡಬೇಕು, ಸರಿಯೆ?

ಆ ಹುಡುಗಿಯ ಕಥೆ ಮುಗಿಸಲಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ ಅವಳಿಗೆ ಉಚಿತವಾಗಿಯೇ ಕನ್ನಡಕ ಬಂತು. ಹಾಕಿಕೊಂಡ ಮೊದಲ ದಿನ ಬೋರ್ಡನ್ನೇ ದಿಟ್ಟಿಸಿ, "ಸಾರ್, ನಿಮ್ಮ ಅಕ್ಷರದ ಸಾಲು ಬಲಗಡೆ ಇಳೀತಾ ಹೋಗುತ್ತೆ!" ಎಂದಳು. ತರಗತಿಯೆಲ್ಲ ನಕ್ಕಿತು. ಅವಳು ಹೇಳಿದ್ದು ನಿಜವಾಗಿತ್ತು.

ನಾಳೆ ಒಂದು ಕೆಲಸ ಮಾಡಿ. ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಸುಮಾರು 9 ಮಿಲಿಮೀಟರ್ ಎತ್ತರ, ಅಷ್ಟೇ ಅಗಲದ ಇಂಗ್ಲಿಷ್ 'ಇ' ಅಕ್ಷರವನ್ನು ದೊಡ್ಡಕ್ಷರದಲ್ಲಿ ಬರೆಯಿರಿ. ಮೂರು ಅಡ್ಡಗೆರೆಗಳೂ ಅವುಗಳ ನಡುವಿನ ಎರಡು ಸಂದುಗಳೂ ಒಂದೇ ದಪ್ಪ ಇರಲಿ. ಬೆಳಕಿರುವ ವರಾಂಡದಲ್ಲಿ 6 ಮೀಟರ್ ಅಳೆದು ಗೆರೆ ಎಳೆಯಿರಿ. ಒಂದೊಂದೇ ಕಣ್ಣನ್ನು ಅಂಗೈಯಿಂದ, ಒತ್ತದೆ, ಮುಚ್ಚಿಕೊಳ್ಳಬೇಕು. ಗೆಳೆಯ ಹಾಳೆಯನ್ನು ತಿರುಗಿಸಿ ಹಿಡಿದಂತೆ 'ಇ'ಯ ಕಾಲುಗಳು ಯಾವ ಕಡೆಗಿವೆ ಎಂದು ಕೈಯಿಂದ ತೋರಿಸಬೇಕು. ಯಾವುದಾದರೂ ಕಣ್ಣು ಮತ್ತೆ ಮತ್ತೆ ತಪ್ಪಿದರೆ ಮೇಷ್ಟ್ರಿಗೆ ಹೇಳಿ, ಡಾಕ್ಟರ ಬಳಿ ಹೋಗಿ. ಕನ್ನಡಕ ಇರುವವರು ಹಾಕಿಕೊಂಡೇ ನೋಡಲಿ. ಕೊನೆಗೆ ಮೇಷ್ಟ್ರನ್ನೂ ಗೆರೆಯ ಮೇಲೆ ನಿಲ್ಲಿಸಿ. ಅವರಿಗೆ ದೂರದ 'ಇ' ಚೆನ್ನಾಗಿ ಕಂಡು, ಹಾಜರಿ ಪುಸ್ತಕವನ್ನು ಮಾತ್ರ ಕೈ ಚಾಚಿ ದೂರ ಹಿಡಿದು ಓದುತ್ತಿದ್ದರೆ ನಗಬೇಡಿ. ಅದು ನಲವತ್ತು ದಾಟಿದ ಮಸೂರದ ಲಕ್ಷಣ. ಹೋದ ವರ್ಷದಿಂದ ನನಗೂ ಬಂದಿದೆ, ಓದುವ ಕನ್ನಡಕ ಜೇಬಿನಲ್ಲೇ ಇರುತ್ತದೆ.