ಬೀರುವಿನ ಬೀಗದ ಕೈ
ನಮ್ಮ ಬಹುತೇಕ ಸರ್ಕಾರಿ ಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆಯೇ ಇಲ್ಲ. ಪುಸ್ತಕದ ಬೀರುವಿನ ಬೀಗದ ಕೈ ಯಾರೋ ಒಬ್ಬ ಮೇಷ್ಟ್ರ ಜೇಬಿನಲ್ಲಿರುತ್ತದೆ. ಪುಸ್ತಕ ಕಳೆದರೆ ಆಡಿಟ್‌ನವರಿಗೆ ಉತ್ತರ ಹೇಳಬೇಕಲ್ಲ ಎಂಬ ಭಯಕ್ಕೆ ಎಷ್ಟೋ ಕಡೆ ಬೀರು ತೆರೆಯುವುದೇ ಅಪರೂಪ. ಹುದ್ದೆ ಇರುವ ಖಾಸಗಿ ಶಾಲೆಗಳಲ್ಲೂ ಗ್ರಂಥಪಾಲಕರೆಂದರೆ ಟೀಚರ್ ರಜೆ ಹಾಕಿದಾಗ ತರಗತಿ ಕಾಯುವವರು ಎಂಬ ತಾತ್ಸಾರ. ನಿಜವಾದ ಕೆಲಸ ಬೇರೆಯೇ ಇದೆ: ಬಂದ ಪುಸ್ತಕವನ್ನು ರಿಜಿಸ್ಟರಿಗೆ ಏರಿಸಿ, ಮುದ್ರೆ ಒತ್ತಿ, ವರ್ಗೀಕರಣದ ಸಂಖ್ಯೆಯ ಚೀಟಿಯನ್ನು ಬೆನ್ನಿಗೆ ಅಂಟಿಸಿ, ಹರಿದದ್ದಕ್ಕೆ ಗೋಂದು ಹಚ್ಚಿ, ಕೊನೆಗೆ ಓದಲು ತಡವರಿಸುವ ಏಳನೇ ಕ್ಲಾಸಿನ ಹುಡುಗನಿಗೆ ಅವಮಾನವಾಗದ ಹಾಗೆ ಸುಲಭದ ಪುಸ್ತಕವೊಂದನ್ನು ದಾಟಿಸುವುದು. ಈ ಕೊನೆಯ ವಿದ್ಯೆ ಮಕ್ಕಳ ಜೊತೆಗಿದ್ದೇ ಒಲಿಯಬೇಕು, ಉಳಿದದ್ದನ್ನು ಕಲಿಸಬಹುದು. ಆಗಸ್ಟ್ 12ರಂದು, ಗ್ರಂಥಪಾಲಕರ ದಿನದಂದು, ನಾವು ಹಾರ ಹಾಕುವ ಎಸ್. ಆರ್. ರಂಗನಾಥನ್ ಕೂಡ ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಮೇಲೆ ಲಂಡನ್ನಿಗೆ ಹೋಗಿ ಈ ಕಸುಬು ಕಲಿತರು. 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳ ಪೈಕಿ ಮೊದಲನೆಯದರ ತಿರುಳು, ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದೇ. 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಶುರುಮಾಡಿದ್ದೂ ನಮ್ಮ ಬೆಂಗಳೂರಿನಲ್ಲೇ. ಶಾಲೆಗೊಬ್ಬ ಗ್ರಂಥಪಾಲಕ, ವರ್ಷಕ್ಕೊಂದು ತರಬೇತಿ ಎಂದು ಕೇಳಿದರೆ ಹಣವಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಿದ್ದರೆ ಕಾಸಿಲ್ಲದ ಕೆಲಸ ಮೊದಲು ಆಗಲಿ: ಮಕ್ಕಳು ಓದಿ ಹರಿದ, ಕಳೆದ ಪುಸ್ತಕಕ್ಕೆ ಮೇಷ್ಟ್ರು ಹೊಣೆಯಲ್ಲ ಎಂಬ ಒಂದು ಸ್ಪಷ್ಟ ಸುತ್ತೋಲೆ ಪ್ರತಿ ಶಾಲೆಗೂ ತಲುಪಲಿ.