ನೆರವು ಪಹಣಿಗೋ, ಉಳುವವರಿಗೋ?

ಯಲಹಂಕ ದಾಟಿ ರಾಜಾನುಕುಂಟೆ, ಹೆಸರಘಟ್ಟದ ಕಡೆ ಹೋದರೆ ಬಡಾವಣೆಗಳ ನಡುವೆ ಇಂದಿಗೂ ರಾಗಿ ಹೊಲಗಳು ಕಾಣುತ್ತವೆ. ಮಳೆಯನ್ನೇ ನಂಬಿದ ಒಂದೆರಡು ಎಕರೆ, ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು, ಕೊಟ್ಟಿಗೆಯಲ್ಲಿ ಒಂದೆರಡು ಸೀಮೆಹಸು. ಬೆಳೆದದ್ದರಲ್ಲಿ ಮನೆಯ ಊಟಕ್ಕೆ ಬೇಕಾದ್ದು ಮೊದಲು, ಉಳಿದರೆ ಮಾರಾಟ. ಇಂಥ ಮನೆಯಲ್ಲಿ ಜೂನ್, ಜುಲೈ ಬಂದರೆ ಕೈಯಲ್ಲಿ ಕಾಸಿರುವುದಿಲ್ಲ. ಕೂಡಿಟ್ಟ ರಾಗಿ ತಳ ಕಂಡಿರುತ್ತದೆ, ಮಕ್ಕಳ ಶಾಲೆ ಶುರುವಾಗಿರುತ್ತದೆ, ಹದ ಮಳೆ ಬಿದ್ದರೆ ನೆಲ ಆರುವುದರೊಳಗೆ ಬಿತ್ತಬೇಕಿರುತ್ತದೆ. ಕೇಂದ್ರ ಸರ್ಕಾರ ರೈತರಿಗೆ ನೇರವಾಗಿ ಹಣ ಕೊಡುವ ಪಿಎಂ-ಕಿಸಾನ್ ಯೋಜನೆಯ ಒಂದು ಕಂತು 2,000 ರೂಪಾಯಿ. 1,350 ರೂಪಾಯಿಗೆ ಒಂದು ಮೂಟೆ ಡಿಎಪಿ, 266 ರೂಪಾಯಿ 50 ಪೈಸೆಯಂತೆ ಎರಡು ಮೂಟೆ ಯೂರಿಯಾ ಕೊಂಡರೆ 1,883 ಆಗುತ್ತದೆ. ಒಂದೆಕರೆ ರಾಗಿಗೆ ಅಷ್ಟು ಗೊಬ್ಬರ ಧಾರಾಳ. ಆ ಹಣ ಬಿತ್ತನೆಯ ವಾರದಲ್ಲಿ ಕೈಗೆ ಬಂದರೆ ಬಡ್ಡಿ ಸಾಲ ತಪ್ಪುತ್ತದೆ. ಸಾಲ ತಪ್ಪಿದರೆ ಅದನ್ನು ತೀರಿಸಲೆಂದು ಸುಗ್ಗಿಯಲ್ಲಿ ಕಣದಿಂದಲೇ ಸಿಕ್ಕಿದ ಬೆಲೆಗೆ ರಾಗಿ ಕೊಡುವುದೂ ತಪ್ಪುತ್ತದೆ. ನಗರದವರಿಗೆ ಪುಡಿಗಾಸು ಎನಿಸುವ ಮೊತ್ತ ಹೊಲದಲ್ಲಿ ಮಾಡುವ ಕೆಲಸ ಇದು.

ಆದರೆ ಆ ಹೊಲವನ್ನು ಈಗ ಉಳುತ್ತಿರುವವರು ಯಾರು? ಬೆಂಗಳೂರಿನ ಉತ್ತರಕ್ಕೆ, ಅದರಲ್ಲೂ 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ, ಜಮೀನಿನ ಒಡೆತನ ಒಬ್ಬರದು, ಉಳುಮೆ ಇನ್ನೊಬ್ಬರದು ಎಂಬಂತಾಗುತ್ತಿದೆ. ಒಡೆಯರು ಪೇಟೆ ಸೇರಿದ್ದಾರೆ ಅಥವಾ ಬೆಲೆ ಏರಲೆಂದು ಕಾಯುತ್ತಿದ್ದಾರೆ. ಊರಲ್ಲಿ ಉಳಿದವರು ಬಾಯಿಮಾತಿನ ಮೇಲೆ, ಬೆಳೆಯಲ್ಲಿ ಪಾಲು ಕೊಡುವ ವಾರಕ್ಕೋ ಗುತ್ತಿಗೆಗೋ ಹಿಡಿದು ಬೇಸಾಯ ಮಾಡುತ್ತಾರೆ. ಪಿಎಂ-ಕಿಸಾನ್ ಕೇಳುವುದು ಪಹಣಿಯಲ್ಲಿ ಹೆಸರಿದೆಯೇ ಎಂದು. ಅದೂ 2019ರ ಫೆಬ್ರುವರಿ 1ರೊಳಗೆ ಬಂದ ಹೆಸರಾಗಿರಬೇಕು. ಆಮೇಲೆ ಬಂದದ್ದಾದರೆ ಪೌತಿಯಿಂದ ಬಂದಿರಬೇಕು. ಹೀಗಾಗಿ ಆದಾಯ ತೆರಿಗೆ ಕಟ್ಟದ ಹಳೆಯ ಒಡೆಯರಿಗೆ ನೇಗಿಲು ಮುಟ್ಟದಿದ್ದರೂ ಹಣ ಬೀಳುತ್ತದೆ. ರಾಜ್ಯದ ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವಂತಾಯಿತು. ಹಾಗೆ ಕೊಂಡ ಹೊಲದ ಮೇಲೆ ಈ ಹಣ ಕೊಂಡವರಿಗೂ ಇಲ್ಲ, ಉಳುವವರಿಗೂ ಇಲ್ಲ. ಎರಡು ಕಡೆಯೂ ಗೊಬ್ಬರಕ್ಕೆ ಸಾಲ ತರುವವರು ಉಳುವವರೇ.

ಇದರ ಬೇರು ಕಾನೂನಿನಲ್ಲಿದೆ. ದೇವರಾಜ ಅರಸು ಅವರ ಕಾಲದ ಭೂ ಸುಧಾರಣೆ 1974ರ ಮಾರ್ಚ್ 1ರಿಂದ ಗೇಣಿಯನ್ನು ರದ್ದು ಮಾಡಿತು. ಆಗ ಉಳುತ್ತಿದ್ದವರಿಗೆ ಭೂಮಿ ದಕ್ಕಿತು. ಅಷ್ಟು ದೊಡ್ಡ ನ್ಯಾಯ ನಮ್ಮ ಹಳ್ಳಿಗಳಿಗೆ ಮತ್ತೆ ಸಿಕ್ಕಿಲ್ಲ. ಆದರೆ ಕಾಲ ಕಳೆದಂತೆ ಗೇಣಿ ಬೇರೆ ಹೆಸರಲ್ಲಿ ಹೊಲಕ್ಕೆ ಮರಳಿತು, ಕಾಗದಕ್ಕೆ ಮಾತ್ರ ಮರಳಲಿಲ್ಲ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರಿಗೆಂದೇ ಜಾಗವಿದೆ. ಅಲ್ಲಿ ಇನ್ನೊಬ್ಬರ ಹೆಸರು ಬಂದರೆ ಜಮೀನು ಕೈಬಿಟ್ಟೀತೆಂಬ ಅಂಜಿಕೆ ಒಡೆಯರದು. ಹೆಸರು ಹಾಕಿಸಿ ಎಂದರೆ ಮುಂದಿನ ವರ್ಷ ಹೊಲವೇ ಸಿಗದೆಂಬ ಅಂಜಿಕೆ ಉಳುವವರದು. ಆಂಧ್ರಪ್ರದೇಶ 2019ರಲ್ಲಿ ಈ ಅಂಜಿಕೆಗೆ ಒಂದು ದಾರಿ ಹುಡುಕಿತು. ಒಡೆತನದ ಹಕ್ಕಿಗೆ ಧಕ್ಕೆಯಾಗದಂತೆ 11 ತಿಂಗಳ ಸಾಗುವಳಿ ಕಾರ್ಡು ಕೊಡುವ ಕಾಯ್ದೆ ತಂದಿತು. ರೈತು ಭರೋಸಾ ನೆರವನ್ನು ಪರಿಶಿಷ್ಟ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ಗೇಣಿದಾರರಿಗೂ ಕೊಟ್ಟಿತು. ಒಡೆಯರ ಒಪ್ಪಿಗೆ ಬೇಕೆಂಬ ಷರತ್ತು ಅದರ ದೊಡ್ಡ ಕೊರತೆ. ಆದರೂ 2018ರಲ್ಲಿ ಎಕರೆ ಲೆಕ್ಕದಲ್ಲಿ ರೈತಬಂಧು ಶುರುಮಾಡಿ, ಗೇಣಿದಾರರನ್ನು ಹೊರಗಿಟ್ಟು, ಹೆಚ್ಚು ಜಮೀನಿದ್ದವರಿಗೆ ಹೆಚ್ಚು ಹಣ ಹಂಚಿದ ತೆಲಂಗಾಣಕ್ಕಿಂತ ಅದು ಎಷ್ಟೋ ಮೇಲು.

ಇಷ್ಟಕ್ಕೂ ಪಹಣಿ ನೋಡದೆ ಹಣ ಕೊಡುವುದು ಕರ್ನಾಟಕಕ್ಕೆ ಹೊಸದೇನೂ ಅಲ್ಲ. ಲೀಟರಿಗೆ 5 ರೂಪಾಯಿಯ ಹಾಲಿನ ಪ್ರೋತ್ಸಾಹಧನ ಸೇರುವುದು ಡೈರಿಗೆ ಹಾಲು ಹಾಕಿದವರಿಗೆ. ಹಸು ಮೇಯುವ ನೆಲ ಯಾರದೆಂದು ಅಲ್ಲಿ ಯಾರೂ ಕೇಳುವುದಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ರಾಜ್ಯದ ಗೃಹಲಕ್ಷ್ಮಿ ಯೋಜನೆಯೂ ಪಹಣಿ ಕೇಳುವುದಿಲ್ಲ. ತಿಂಗಳಿಗೆ 2,000ದಂತೆ ವರ್ಷಕ್ಕೆ 24,000. ಪಿಎಂ-ಕಿಸಾನ್ ವರ್ಷಕ್ಕೆ ಕೊಡುವ 6,000ದ ನಾಲ್ಕು ಪಟ್ಟು, ಅದೂ ಮನೆಯ ಯಜಮಾನಿಯ ಹೆಸರಿಗೆ. ವಾರಕ್ಕೆ ಉಳುವ ಕುಟುಂಬಕ್ಕೆ ಇಂದು ಸಿಗುತ್ತಿರುವ ಅತಿ ದೊಡ್ಡ ಕೃಷಿ ನೆರವು, ಕೃಷಿಯ ಹೆಸರೇ ಇಲ್ಲದ ಈ ಯೋಜನೆ ಎಂದು ಹೇಳಿದರೆ ತಪ್ಪಾಗದು. ಮೆಕ್ಸಿಕೋದಲ್ಲಿ ಬಡ ಹಳ್ಳಿಗಳ ತಾಯಂದಿರಿಗೆ ಕೊಟ್ಟ ನಗದಿನ ಜಾಡು ಹಿಡಿದ ಸಂಶೋಧಕರು, ಪ್ರತಿ ಪೆಸೊದಲ್ಲಿ ಸುಮಾರು ಕಾಲು ಭಾಗ ದನ, ಕೋಳಿ, ಬೇಸಾಯ, ಸಣ್ಣ ವ್ಯಾಪಾರದಂಥ ಹೂಡಿಕೆಗೆ ಹೋದದ್ದನ್ನು ಕಂಡರು. ಅದೇ ದೇಶದಲ್ಲಿ 1994ರಿಂದ ರೈತರಿಗೆ ಕೊಟ್ಟ ನಗದು ಕುಟುಂಬದ ಆದಾಯವನ್ನು ಕೊಟ್ಟದ್ದರ ಒಂದೂವರೆಯಿಂದ ಎರಡೂವರೆ ಪಟ್ಟಿನಷ್ಟು ಹೆಚ್ಚಿಸಿತೆಂಬ ಅಧ್ಯಯನವೂ ಇದೆ. ಕೈಗೆಟುಕದಿದ್ದ ಬಂಡವಾಳ ಸಿಕ್ಕರೆ ಸಣ್ಣ ಹಿಡುವಳಿ ಹಾಗೆ ಫಲ ಕೊಡುತ್ತದೆ.

ಹಣ ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ ಎಂಬ ಮಾತು ಯಶವಂತಪುರದ ಮಾರುಕಟ್ಟೆಯಿಂದ ವಿಧಾನಸೌಧದವರೆಗೂ ಕೇಳುತ್ತದೆ. ವಿಶ್ವ ಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ 2014ರಲ್ಲಿ ಹಲವು ಖಂಡಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ನಗದು ಪಡೆದವರಲ್ಲಿ ಮದ್ಯ, ತಂಬಾಕಿನ ಖರ್ಚು ಹೆಚ್ಚಿದ್ದು ಕಾಣಲಿಲ್ಲ. ಗಟ್ಟಿಯಾದ ಆಕ್ಷೇಪ ಬೇರೆಯದು. ಗೃಹಲಕ್ಷ್ಮಿಯೂ ಸೇರಿದ ರಾಜ್ಯದ ಐದು ಗ್ಯಾರಂಟಿಗಳಿಗೆ ವರ್ಷಕ್ಕೆ 50 ಸಾವಿರ ಕೋಟಿಗೂ ಹೆಚ್ಚು ಹೋಗುತ್ತಿರುವಾಗ ಕೆರೆಯ ಹೂಳು, ಕೃಷಿ ಹೊಂಡ, ರಾಗಿ ಖರೀದಿಗೆ ಹಣವೆಲ್ಲಿ ಎಂಬುದು. ಇದನ್ನು ತಳ್ಳಿಹಾಕಲಾಗದು, 2,000 ರೂಪಾಯಿ ಕೆರೆ ತುಂಬಿಸುವುದಿಲ್ಲ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮಾಡುವ ತಳಿಯ ಕೆಲಸವನ್ನೂ ಮಾಡುವುದಿಲ್ಲ. ಆದರೆ ಒಳ್ಳೆಯ ತಳಿಯ ಬೀಜ ಕೊಳ್ಳಲೂ ಕೈಯಲ್ಲಿ ಕಾಸು ಬೇಕು. ಮೊತ್ತವಾದರೂ ಎಷ್ಟು? ಬೇಸಾಯದ ಖರ್ಚಿನ ಲೆಕ್ಕ ಹಿಡಿದೇ ಕೇಂದ್ರವು ಕ್ವಿಂಟಲ್ ರಾಗಿಯ ಬೆಂಬಲ ಬೆಲೆಯನ್ನು 2018-19ರ 2,897 ರೂಪಾಯಿಯಿಂದ 2025-26ಕ್ಕೆ 4,886ಕ್ಕೆ ಏರಿಸಿದೆ. ಪಿಎಂ-ಕಿಸಾನ್‌ನ 6,000 ಮಾತ್ರ ಇದ್ದಲ್ಲೇ ಇದೆ. ಅದಕ್ಕೆ ರಾಜ್ಯ ಸೇರಿಸುತ್ತಿದ್ದ 4,000 ಕೂಡ 2023ರಲ್ಲಿ ನಿಂತಿತು. ನಗರದ ಅಂಚಿನ ಬೇಸಾಯ ಹೇಗೂ ಮುಗಿಯುವಂಥದ್ದು, ಅದಕ್ಕೇಕೆ ನೆರವು ಎನ್ನುವವರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯನ್ನು ನೋಡಬೇಕು. ಮೂರು ವರ್ಷಕ್ಕೂ ಮೀರಿ ಅಲ್ಲಿನ ಜನ ಹೋರಾಡಿದ ಮೇಲೆ 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಭೂಸ್ವಾಧೀನ ಕೈಬಿಟ್ಟಿತು. ಬೇಸಾಯ ಬೇಕೆಂದು ಅವರು ಅಷ್ಟು ಸ್ಪಷ್ಟವಾಗಿ ಹೇಳಿದ್ದಾರೆ.

ಕಂದಾಯ ಮತ್ತು ಕೃಷಿ ಇಲಾಖೆಗಳು ಹಂಗಾಮಿಗೊಮ್ಮೆ ಹೊಲ ಹೊಲಕ್ಕೆ ಹೋಗಿ ಬೆಳೆ ಸಮೀಕ್ಷೆ ನಡೆಸುತ್ತವೆ. ಅದೇ ಹೊತ್ತಿನಲ್ಲಿ ಉಳುವವರ ಹೆಸರನ್ನೂ ಬರೆದುಕೊಳ್ಳಲಿ. ಆ ಹೆಸರು ಒಡೆತನಕ್ಕೆ ಸಾಕ್ಷಿಯಾಗದು ಎಂದು ಕಾಯ್ದೆಯೇ ಹೇಳಲಿ, ಒಡೆಯರ ಒಪ್ಪಿಗೆಯ ಷರತ್ತು ಬೇಡ. ನಿಂತುಹೋದ 4,000 ರೂಪಾಯಿಯನ್ನು ರಾಜ್ಯ ಸರ್ಕಾರ ಆ ಪಟ್ಟಿಯವರಿಗೆ ಮೊದಲು ಕೊಡಲಿ, ಪ್ರತಿ ವರ್ಷ ಜೂನ್ ಮುಗಿಯುವುದರೊಳಗೆ.