ಬೇತಾಳನಿಂದ ಕಲಿಯುವುದು

ಮಕ್ಕಳ ಪುಸ್ತಕಗಳ ಬಗ್ಗೆ ಈ ಪುಟದಲ್ಲಿ ಬರೆದ ಮೇಲೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಕೆಲವು ಪತ್ರಗಳು ಬಂದಿವೆ. ಬರೆದವರಲ್ಲಿ ಶಿಕ್ಷಕರು, ಗ್ರಂಥಾಲಯ ನೋಡಿಕೊಳ್ಳುವವರೇ ಹೆಚ್ಚು. ಎಲ್ಲರ ಸಂಕಟವೂ ಸುಮಾರಾಗಿ ಒಂದೇ. ನಾಲ್ಕು ಜನ ದೊಡ್ಡವರು, ಹತ್ತು ಮಕ್ಕಳು ಸೇರಿ ಒಂದು ಪುಸ್ತಕ ಓದಿ ಮಾತಾಡೋಣ ಅಂತ ಕೂರುತ್ತಾರೆ. ಅರ್ಧ ಗಂಟೆಯಲ್ಲಿ ಯಾರೋ ಎದ್ದು ನಿಂತು ಭಾಷಣ ಶುರು ಮಾಡುತ್ತಾರೆ. ಮಕ್ಕಳು ಆಕಳಿಸುತ್ತಾರೆ.

ಮಕ್ಕಳ ಪುಸ್ತಕ ಕೈಗೆ ಬಂದರೆ ಸಾಕು, ನಮ್ಮ ಹಿರಿಯರಿಗೆ ನೀತಿ ಹೇಳುವ ಚಟ ಕೆರಳುತ್ತದೆ. ಅದು ತೀರಿದ ಮೇಲೆ ‘ನಮ್ಮ ಕಾಲದಲ್ಲಿ’ ಎಂಬ ಎರಡನೇ ಅಧ್ಯಾಯ. ಎರಡಕ್ಕೂ ಪುಸ್ತಕ ಓದಿರಲೇಬೇಕೆಂಬ ನಿಯಮವೇನಿಲ್ಲ.

ಚಂದಮಾಮ ಓದಿ ಬೆಳೆದವರು ಬೇತಾಳನನ್ನು ನೆನಪಿಸಿಕೊಳ್ಳಲಿ. ಕಥೆ ಹೇಳುವವನು ಅವನು, ಪ್ರಶ್ನೆ ಎತ್ತುವವನೂ ಅವನೇ, ಉತ್ತರ ಮಾತ್ರ ವಿಕ್ರಮನದು. ಉತ್ತರ ಬಂದದ್ದೇ ತಡ, ಶಹಭಾಸ್ ಅನ್ನುವುದಕ್ಕೂ ನಿಲ್ಲದೆ ಮರಕ್ಕೆ ಹಾರುತ್ತಾನೆ. ಮಾತುಕತೆ ನಡೆಸುವವರು ಕಲಿಯಬೇಕಾದದ್ದು ಈ ಹಾರಾಟವನ್ನು. ನಮ್ಮ ಶಾಲೆಗಳು ಕಲಿತಿರುವುದು ಅವನ ಇನ್ನೊಂದು ಗುಣವನ್ನು: ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ ಎಂಬ ಬೆದರಿಕೆ. ಪ್ರಶ್ನೆಪತ್ರಿಕೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ಇಂಗ್ಲೆಂಡಿನ ಏಡನ್ ಚೇಂಬರ್ಸ್ ಮೇಷ್ಟರಾಗಿದ್ದವರು, ಎಳೆಯರಿಗಾಗಿ ಕಾದಂಬರಿಗಳನ್ನೂ ಬರೆದವರು. 1993ರಲ್ಲಿ ಬಂದ ‘ಟೆಲ್ ಮಿ’ ಪುಸ್ತಕದಲ್ಲಿ ಅವರು ಕೊಡುವ ಸಲಹೆ ಬಹಳ ಸರಳ. ಮಗು ಏನಾದರೂ ಹೇಳಿದರೆ ‘ಯಾಕೆ?’ ಎಂದು ಮೇಲೆ ಬೀಳಬೇಡಿ, ‘ಹೇಳು, ಕೇಳೋಣ’ ಅನ್ನಿ. ಇಷ್ಟವಾದದ್ದೇನು, ಆಗದ್ದೇನು, ಗೊಂದಲವಾದದ್ದೇನು, ಕಥೆಯಲ್ಲಿ ಮತ್ತೆ ಮತ್ತೆ ಬಂದದ್ದೇನು ಎಂದು ಕೇಳಿ. ಇವುಗಳಲ್ಲಿ ಮೂರನೆಯದಕ್ಕೇ ನನ್ನ ಮತ. ಇಷ್ಟವಾದದ್ದನ್ನು ಕೇಳಿದರೆ ಮಕ್ಕಳು ನಮಗೆ ಬೇಕಾದ ಉತ್ತರ ಕೊಟ್ಟು ಬಚಾವಾಗುತ್ತಾರೆ. ಗೊಂದಲ ಹೇಳಿಕೊಂಡಾಗ ಮಾತು ನಿಜವಾಗಿ ಕದಲುತ್ತದೆ.

ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಕೊಟ್ಟ ಮಾತಿಗೆ ತಪ್ಪಬಾರದು ಎಂದು ದೊಡ್ಡವರು ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ಆದರೆ ಹುಲಿ ಯಾಕೆ ಸಾಯಬೇಕು? ಹಸಿದದ್ದು ಅದರ ತಪ್ಪೇ? ಸಾಯಲು ಹೊರಟ ತಾಯಿ ಕರುವನ್ನು ಬೇರೆ ಹಸುಗಳಿಗೆ ಒಪ್ಪಿಸಿದಳಲ್ಲ, ಕರುವನ್ನು ಯಾರಾದರೂ ಕೇಳಿದರೇ? ನಮ್ಮದು ಹಾಲು, ರೇಷ್ಮೆಯ ಜಿಲ್ಲೆ. ಬೆಳಗಿನ ಜಾವ ಕ್ಯಾನು ಹಿಡಿದು ಡೈರಿಗೆ ಹೋಗಿ, ಆಮೇಲೆ ಶಾಲೆಗೆ ಬರುವ ಹುಡುಗಿ ಇದೇ ಹಾಡಿನಲ್ಲಿ ಕೆಚ್ಚಲಿನ ಲೆಕ್ಕ ಎತ್ತಬಹುದು: ನಾವು ಕರುವಿಗೆ ಬಿಡುವುದೆಷ್ಟು? ಆಗ ಮಾತುಕತೆ ನಡೆಸುವವರು ಬಾಯಿಗೆ ಬಂದ ನೀತಿಯನ್ನು ನುಂಗಿಕೊಂಡು ಕೂರಬೇಕು, ಕಷ್ಟವಾದರೂ. ಕುವೆಂಪು ಅವರ ಕಿಂದರಿಜೋಗಿಯೂ ಅಷ್ಟೆ. ಮಕ್ಕಳೆಲ್ಲ ಹೊರಟುಹೋಗಿ ಹಿಂದುಳಿದ ಆ ಕುಂಟ ಹುಡುಗ ಅದೃಷ್ಟವಂತನೋ ಅಲ್ಲವೋ ಎಂಬ ಒಂದೇ ಪ್ರಶ್ನೆ ಒಂದು ಭಾನುವಾರಕ್ಕೆ ಸಾಕು.

ಭಾಷೆಯ ವಿಷಯಕ್ಕೆ ಬಂದರೆ ಈ ನಾಲ್ಕು ಊರುಗಳ ಮಾತೇ ಬೇರೆ. ಮುಳಬಾಗಿಲು, ಶ್ರೀನಿವಾಸಪುರ ಆಂಧ್ರದ ಅಂಚಿನಲ್ಲಿವೆ. ಮಾಲೂರು ದಾಟಿದರೆ ಹೊಸೂರು. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ ಮಕ್ಕಳು ಪುಸ್ತಕ ಓದುವುದು ಕನ್ನಡದಲ್ಲಿ. ಓದಲಿ. ಆದರೆ ಉಕ್ಕಿ ಬಂದ ಮಾತು ತೆಲುಗಿನಲ್ಲಿ ಬಂದರೆ ‘ಕನ್ನಡದಲ್ಲಿ ಹೇಳು’ ಎಂದು ತಡೆಯಬೇಡಿ. ಹಾಗೆ ತಡೆದರೆ ಅದು ಯಾವ ಭಾಷೆಯಲ್ಲೂ ಬರುವುದಿಲ್ಲ. ಕನ್ನಡಕ್ಕೇನೋ ನಷ್ಟವಾಗುತ್ತದೆ ಎಂದು ಹೆದರುವವರು ಮಾಲೂರು ತಾಲ್ಲೂಕಿನ ಮಾಸ್ತಿಯವರನ್ನು ನೆನೆಯಲಿ. ಮನೆಮಾತು ತಮಿಳು, ಬರೆದದ್ದು ಕನ್ನಡ, 1983ರ ಜ್ಞಾನಪೀಠ ಬಂದದ್ದು ‘ಚಿಕವೀರ ರಾಜೇಂದ್ರ’ಕ್ಕೆ. ಚಂದಮಾಮ ಕೂಡ ಮದ್ರಾಸಿನಲ್ಲಿ 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಎರಡು ವರ್ಷದ ಮೇಲೆ ಕನ್ನಡಕ್ಕೆ ಬಂತು. ತೆಲುಗು ಬಲ್ಲ ಅಜ್ಜಿಯೂ ಕನ್ನಡ ಓದುವ ಮೊಮ್ಮಗನೂ ಒಂದೇ ಬೇತಾಳನ ಬಗ್ಗೆ ಜಗಳವಾಡುವ ಸೌಲಭ್ಯ ಅದರಲ್ಲಿತ್ತು. ಈಗ ಆ ಅನುಕೂಲ ಬೇಕೆಂದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಇದೆ. ಅಲ್ಲಿ ಎಷ್ಟೋ ಚಿತ್ರಕಥೆಗಳು ಕನ್ನಡ, ತೆಲುಗು ಎರಡರಲ್ಲೂ ಪುಕ್ಕಟೆಯಾಗಿ ಸಿಗುತ್ತವೆ. ಎರಡನ್ನೂ ಅಚ್ಚು ಹಾಕಿಸಿ ಪಕ್ಕಪಕ್ಕ ಇಡಿ.

ಇನ್ನೊಂದು ಎಚ್ಚರ. ಮುಳಬಾಗಿಲಿನ ಮಗುವಿಗೆ ರಾಮಾಯಣದ ಚಿತ್ರಪುಸ್ತಕ ತೋರಿಸಿದರೆ ಲವ ಕುಶ ಹುಟ್ಟಿದ್ದು ನಮ್ಮ ಆವನಿ ಬೆಟ್ಟದಲ್ಲಿ ಅಂತ ಅದು ಹೇಳಿಯೇ ಹೇಳುತ್ತದೆ. ಪುಸ್ತಕದಲ್ಲಿ ಹಾಗಿಲ್ಲವಲ್ಲ ಎಂದು ತಿದ್ದಲು ಹೋಗಬೇಡಿ. ಚಿತ್ರಗಳನ್ನೂ ಅನುಮಾನದಿಂದ ನೋಡಲು ಬಿಡಿ. ಈ ಮನೆ ಯಾರ ಮನೆ ಹಾಗಿದೆ, ನಮ್ಮ ಕೇರಿಯ ಮನೆ ಯಾಕಿಲ್ಲ, ರಕ್ಕಸಿ ಯಾವಾಗಲೂ ಕಪ್ಪಗೇ ಯಾಕಿರಬೇಕು? ದಲಿತ ಚಳವಳಿಯ ಹಾಡುಗಳನ್ನು ಕೇಳಿ ಬೆಳೆದ ಕೋಲಾರದಲ್ಲಿ ಇಂಥ ಪ್ರಶ್ನೆಗೆ ಬೆಚ್ಚಿಬೀಳುವುದು ಸರಿಯಲ್ಲ.

ಕೂಟಕ್ಕೆ ಜಾಗವೆಲ್ಲಿ ಎಂದವರಿಗೆ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಮಕ್ಕಳಿಗೆ ಸದಸ್ಯತ್ವವೂ ಉಚಿತ. ನೆಲದ ಮೇಲೆ ದುಂಡಗೆ ಕೂತುಕೊಳ್ಳಿ, ವೇದಿಕೆ ಬೇಡ, ಶಾಲು ಹೊದಿಸುವುದು ಖಂಡಿತ ಬೇಡ. ಎಲ್ಲರೂ ಒಮ್ಮೆ ಮಾತಾಡುವ ತನಕ ಯಾರೂ ಎರಡನೇ ಸಲ ಬಾಯಿ ಬಿಡಬಾರದು. ನಿವೃತ್ತ ಮುಖ್ಯೋಪಾಧ್ಯಾಯರಿಗೂ ಇದೇ ಕಾನೂನು. ಲೇಖಕರನ್ನು ಕರೆದರೆ ಕೊನೆಗೆ ಕರೆಯಿರಿ. ಅವರೆದುರು ಪುಸ್ತಕ ಚೆನ್ನಾಗಿಲ್ಲ ಅನ್ನಲು ಎಂಟು ವರ್ಷದವರಿಗೆ ಧೈರ್ಯ ಬಂದೀತು, ಅವರ ತಾಯಿ ಬಿಡಬೇಕಲ್ಲ! ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಬಸವನಗುಡಿಯ ಗೋಖಲೆ ಸಂಸ್ಥೆಯಲ್ಲಿ ದೊಡ್ಡವರಿಗಾಗಿ ಅಧ್ಯಯನ ಗೋಷ್ಠಿ ನಡೆಸಿದವರು, ಮಕ್ಕಳಿಗೆಂದು ‘ಬೆಕ್ಕೋಜಿ’ ಬರೆದವರೂ ಅವರೇ. ಹುಟ್ಟೂರಿನಲ್ಲಿ ಗೋಷ್ಠಿಯನ್ನೂ ಬೆಕ್ಕೋಜಿಯನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ನೋಡಬಹುದು.

ಮೊದಲ ಪುಸ್ತಕ ಯಾವುದೆಂದು ಕೇಳಿದ್ದೀರಿ. ಮಕ್ಕಳಿಗೆ ಹತ್ತು ದಾಟಿದ್ದರೆ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ ಆದೀತು. ಚಿಕ್ಕವರಿದ್ದರೆ ಗೋವಿನ ಹಾಡು. ದಿನ ನೀವೇ ಗೊತ್ತುಮಾಡಿ. ಶ್ರೀನಿವಾಸಪುರದವರು ಮಾತ್ರ ಮೇ, ಜೂನ್ ಬಿಟ್ಟು ನೋಡಿಕೊಳ್ಳಿ, ಮಾವಿನ ಮಂಡಿ ನಡೆಯುವಾಗ ಅಲ್ಲಿ ದೊಡ್ಡವರೂ ಸಿಗುವುದಿಲ್ಲ, ಮಕ್ಕಳೂ ಸಿಗುವುದಿಲ್ಲ.